ಕಡಬ ಬಂದದ್ದು ಪರದೆಗೆ ಗೊತ್ತಾಗುವುದು ಹೇಗೆ?

ಕುಕ್ಕೆ ಸುಬ್ರಹ್ಮಣ್ಯ ಮೊದಲು ಸುಳ್ಯ ತಾಲೂಕಿನಲ್ಲಿತ್ತು, ಈಗ ಕಡಬ ತಾಲೂಕಿನಲ್ಲಿದೆ. ದೇವಸ್ಥಾನ ಕದಲಲಿಲ್ಲ, ಕುಮಾರಧಾರೆ ದಾರಿ ಬದಲಿಸಲಿಲ್ಲ. ಬದಲಾದದ್ದು ಸರಕಾರದ ಪಟ್ಟಿ ಮಾತ್ರ. 2017ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲೂಕುಗಳ ಘೋಷಣೆಯಾದಾಗ ಕಡಬದ ಹೆಸರೂ ಅದರಲ್ಲಿತ್ತು. ಪುತ್ತೂರಿನ ಒಂದು ಭಾಗ, ಸುಳ್ಯದ ಕೆಲವು ಗ್ರಾಮಗಳು ಸೇರಿ ಅದು ತಾಲೂಕಾಯಿತು. ಜನರಿಗೆ ಇದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಕಂಪ್ಯೂಟರ್ ಪರದೆಗಳ ಕತೆ ಹಾಗಲ್ಲ. 2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡಕ್ಕೆ ಐದೇ ತಾಲೂಕು: ಮಂಗಳೂರು, ಬಂಟ್ವಾಳ, ಬೆಳ್ತಂಗಡಿ, ಪುತ್ತೂರು, ಸುಳ್ಯ. ಆ ಪಟ್ಟಿಯನ್ನು ನೋಡಿ ಯಾರಾದರೂ ಅರ್ಜಿ ತುಂಬುವ ಪುಟವೊಂದನ್ನು ಮಾಡಿಟ್ಟು ಮರೆತಿದ್ದರೆ, ರಾಮಕುಂಜದವರು ಇವತ್ತಿಗೂ ಅದರಲ್ಲಿ ತಮ್ಮ ತಾಲೂಕನ್ನು ಹುಡುಕುತ್ತಾ ಕೂರಬೇಕು.

ಒಂದು ಕಡೆ ಪಟ್ಟಿ ಬದಲಾದರೆ ಅದನ್ನು ನಂಬಿಕೊಂಡ ಉಳಿದ ಕಡೆಗಳಿಗೆ ತಾನಾಗಿ ಸುದ್ದಿ ಮುಟ್ಟುವಂತೆ ಮಾಡುವ ವಿದ್ಯೆಯೊಂದು ಸಾಫ್ಟ್‌ವೇರ್ ಲೋಕದಲ್ಲಿದೆ. ಎಪಿಐಯ ವಿವರಪತ್ರದಿಂದ ಕೋಡಿನ ಟೈಪುಗಳನ್ನು ಯಂತ್ರದಿಂದಲೇ ಬರೆಸಿಕೊಳ್ಳುವುದು ಎಂದು ಅದನ್ನು ಹೇಳಬಹುದು. ಪುತ್ತೂರಿನ ವಿವೇಕಾನಂದ, ಸುಳ್ಯದ ಕೆವಿಜಿ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಬೆಂಗಳೂರು ಸೇರಿದ ಎಷ್ಟೋ ಮಕ್ಕಳು ದಿನಬೆಳಗಾದರೆ ಮಾಡುವ ಕೆಲಸ ಇದು. ಹಬ್ಬಕ್ಕೆ ಊರಿಗೆ ಬಂದಾಗ ‘ನಿನ್ನ ಕೆಲಸ ಎಂತದ್ದು ಮಗಾ’ ಎಂದು ಅಜ್ಜ ಕೇಳಿದರೆ ಉತ್ತರಕ್ಕೆ ತಡಕಾಡುವುದೂ ಇದಕ್ಕೇ. ಒಂದು ಉದಾಹರಣೆ ಹಿಡಿದುಕೊಂಡು ಹೋದರೆ ಅಜ್ಜನಿಗೂ ತಿಳಿಯುತ್ತದೆ.

ಉದಾಹರಣೆ ಅಡಿಕೆಯದ್ದೇ ಇರಲಿ. ಪುತ್ತೂರು, ಸುಳ್ಯ, ಕಡಬದ ಬೆಳೆಗಾರರಿಗೆ ಅಂದಂದಿನ ಅಡಿಕೆ ಧಾರಣೆ ತೋರಿಸುವ ವೆಬ್ ಪುಟವೊಂದನ್ನು ಮಾಡುತ್ತೇವೆ ಎಂದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಕಾಣುವ ಪುಟ ಒಂದು ಭಾಗ. ಧಾರಣೆಯ ಲೆಕ್ಕವಿರುವ ಸರ್ವರ್ ಇನ್ನೊಂದು ಭಾಗ. ಅದು ಎಲ್ಲೋ ದೂರದಲ್ಲಿರುತ್ತದೆ, ಬೇರೆ ಯಾರೋ ನಡೆಸುತ್ತಿರುತ್ತಾರೆ. ಪುಟ ಕೇಳುತ್ತದೆ, ಸರ್ವರ್ ಹೇಳುತ್ತದೆ. ಹೀಗೆ ಕೇಳಿ ಹೇಳುವ ಕಟ್ಟುಪಾಡಿಗೆ ಎಪಿಐ ಎಂದು ಹೆಸರು. ಉತ್ತರ ಬರುವುದು ಹೆಚ್ಚಾಗಿ ಜೇಸನ್ ಎಂಬ ಸರಳ ಪಠ್ಯರೂಪದಲ್ಲಿ: ಮಾರುಕಟ್ಟೆ ಪುತ್ತೂರು, ಸರಕು ಅಡಿಕೆ, ತಳಿ ಇಂಥದ್ದು, ದಿನಾಂಕ ಇಂಥದ್ದು, ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ವ್ಯಾಪಾರ ನಡೆದ) ಧಾರಣೆ ಇಷ್ಟಿಷ್ಟು. ಇದು ನಾನು ಕಲ್ಪಿಸಿಕೊಂಡ ನಮೂನೆಯಲ್ಲ. ಕೇಂದ್ರ ಸರಕಾರದ ಮುಕ್ತ ದತ್ತಾಂಶ ತಾಣ ದೇಶದ ಮಂಡಿಗಳ ದಿನದ ಧಾರಣೆಯನ್ನು ಕೊಡುವುದು ಹೆಚ್ಚುಕಡಿಮೆ ಇದೇ ಅಂಕಣಗಳಲ್ಲಿ. 2000ದಲ್ಲಿ ಶುರುವಾದ ಅಗ್‌ಮಾರ್ಕ್‌ನೆಟ್ ವ್ಯವಸ್ಥೆಯಿಂದ ಆ ಮಾಹಿತಿ ಅಲ್ಲಿಗೆ ಬರುತ್ತದೆ.

ಪುಟ ಬರೆಯುವ ಹುಡುಗಿ ಈ ಉತ್ತರವನ್ನು ಒಮ್ಮೆ ನೋಡುತ್ತಾಳೆ. ನೋಡಿ ತನ್ನ ಕೋಡಿನಲ್ಲಿ ಬರೆದುಕೊಳ್ಳುತ್ತಾಳೆ: ಮಾರುಕಟ್ಟೆ ಎಂದರೆ ಅಕ್ಷರಗಳು, ಧಾರಣೆ ಎಂದರೆ ಸಂಖ್ಯೆ, ಸರ್ವರ್ ಜೊತೆಗೆ ಕಳಿಸುವ ತಾಲೂಕು ಎಂದರೆ ಹಳೆಯ ಪಟ್ಟಿಯ ಐದರಲ್ಲಿ ಒಂದು. ಹೀಗೆ ಬರೆದುಕೊಂಡದ್ದಕ್ಕೇ ಟೈಪ್ ಎನ್ನುವುದು. 1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪ್ ಕಂಪನಿಗಾಗಿ ಕೆಲವೇ ದಿನಗಳಲ್ಲಿ ಕಟ್ಟಿದ ಜಾವಾಸ್ಕ್ರಿಪ್ಟ್ ಭಾಷೆಗೆ ಇಂಥ ಮುನ್ನೆಚ್ಚರಿಕೆಯ ಹಂಗಿರಲಿಲ್ಲ. ಏನು ಬಂದರೂ ತಗೊಳ್ಳುತ್ತದೆ, ಏನು ಮಾಡಿದರೂ ಮಾಡಗೊಡುತ್ತದೆ. ಧಾರಣೆ 48000 ಎಂಬುದು ಸಂಖ್ಯೆಯಾಗಿ ಬರದೆ ಉದ್ಧರಣ ಚಿಹ್ನೆಯೊಳಗೆ ಅಕ್ಷರಸಾಲಾಗಿ, ಅಂದರೆ ಸ್ಟ್ರಿಂಗ್ ಆಗಿ ಬಂದರೆ, ಅದಕ್ಕೆ 500 ಕೂಡಿಸಲು ಹೇಳಿ ನೋಡಿ: 48500 ಬರುವುದಿಲ್ಲ, 48000500 ಬರುತ್ತದೆ. ಪಕ್ಕಪಕ್ಕ ಅಂಟಿಸಿ ಕೊಟ್ಟುಬಿಡುತ್ತದೆ. ಹೆಚ್ಚಿನ ಧಾರಣೆ ಮೇಲೆ ಬರಲಿ ಎಂದರೆ 48000ಕ್ಕಿಂತ 9500 ಮೇಲೇರಿ ಕೂರುತ್ತದೆ, ಅಕ್ಷರಗಳ ಲೆಕ್ಕದಲ್ಲಿ 4ಕ್ಕಿಂತ 9 ದೊಡ್ಡದಲ್ಲವೇ? ಎಲ್ಲೂ ಕೆಂಪು ದೀಪ ಹೊತ್ತಿಕೊಳ್ಳುವುದಿಲ್ಲ. ಪುಟ ಚೆಂದವಾಗಿಯೇ ಕಾಣುತ್ತದೆ, ಕೆಳದರ್ಜೆಯ ಕೋಕ ಅಡಿಕೆ ಹೊಸ ಅಡಿಕೆಗಿಂತ ದುಬಾರಿಯಾಗಿರುತ್ತದೆ, ಅಷ್ಟೆ.

2012ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಹೊರತಂದ ಟೈಪ್‌ಸ್ಕ್ರಿಪ್ಟ್ ಈ ಕಾಟಕ್ಕೆ ಒಂದು ಪರಿಹಾರ. ಅದರ ಹಿಂದಿದ್ದವರು ಆಂಡರ್ಸ್ ಹೈಲ್ಸ್‌ಬರ್ಗ್. ತೊಂಬತ್ತರ ದಶಕದಲ್ಲಿ ಕಾಲೇಜು ಲ್ಯಾಬಿನ ನೀಲಿ ಪರದೆಯಲ್ಲಿ ಟರ್ಬೊ ಪ್ಯಾಸ್ಕಲ್ ಕಲಿತವರಿಗೆ ಅವರು ಹಳೆಯ ಪರಿಚಯ, ಅದನ್ನು ಕಟ್ಟಿದವರೂ ಅವರೇ. ಟೈಪ್‌ಸ್ಕ್ರಿಪ್ಟಿನಲ್ಲಿ ಬರೆದರೆ, ಸ್ಟ್ರಿಂಗ್ ಎಂದು ಘೋಷಿಸಿದ್ದರಿಂದ ಏನನ್ನೋ ಕಳೆಯಲು ಅಥವಾ ಇಲ್ಲದ ಅಂಕಣವನ್ನು ಓದಲು ಹೊರಟರೆ, ಪುಟ ಜನರ ಕೈಗೆ ಹೋಗುವ ಮೊದಲೇ, ಕೋಡನ್ನು ಪರೀಕ್ಷಿಸಿ ತಯಾರು ಮಾಡುವ ಕಂಪೈಲರ್ ತಡೆಯುತ್ತದೆ.

ಆದರೆ ಘೋಷಿಸಿದ್ದು ಯಾರು? ಪುಟ ಬರೆದ ಹುಡುಗಿ. ಸರ್ವರ್ ಬರೆದವರು ಬೇರೆ. ಆಕೆ ನೋಡಿ ಬರೆದುಕೊಂಡದ್ದು ಆ ದಿನದ ಉತ್ತರವನ್ನು. ನಾಳೆ ಸರ್ವರಿನವರು ಒಂದು ಅಂಕಣದ ಹೆಸರು ಬದಲಿಸಿದರೆ, ಐದು ತಾಲೂಕಿಗೆ ಇನ್ನೆರಡು ಸೇರಿಸಿದರೆ, ಆಕೆಯ ಟೈಪಿಗೆ ಅದು ತಿಳಿಯುವುದಿಲ್ಲ. ಕಂಪೈಲರ್ ಹಳೆಯ ಘೋಷಣೆಯನ್ನೇ ನಂಬಿಕೊಂಡು ‘ಎಲ್ಲ ಸರಿಯಿದೆ’ ಎನ್ನುತ್ತಲೇ ಇರುತ್ತದೆ. ಕೈಯಲ್ಲಿ ನಕಲು ಮಾಡಿಕೊಂಡ ಟೈಪಿನ ಅಪಾಯ ಇರುವುದು ಇಲ್ಲೇ. ಟೈಪೇ ಇಲ್ಲದಿದ್ದರೆ ಅನುಮಾನವಾದರೂ ಉಳಿದಿರುತ್ತಿತ್ತು. ತಪ್ಪು ಟೈಪ್ ಇದ್ದರೆ ಅನುಮಾನವೂ ಹೊರಟುಹೋಗುತ್ತದೆ.

ಹಾಗಾಗಿ ನಡುವೆ ಮೂರನೆಯದೊಂದು ಕಾಗದ ಬೇಕು, ಎರಡೂ ಕಡೆಯವರು ಒಪ್ಪಿದ್ದು. ಮದುವೆ ಮನೆಗೆ ಅಡುಗೆ ಭಟ್ಟರು ಮೊದಲೇ ಬರೆದುಕೊಡುವ ಸಾಮಾನು ಚೀಟಿಯಂತೆ. ಅದರಲ್ಲಿ ಬರೇ ‘ಕೊತ್ತಂಬರಿ’ ಎಂದು ಬರೆದರೆ ಆಗುವುದಿಲ್ಲ. ಬೀಜವೋ ಸೊಪ್ಪೋ, ಕಿಲೋವೋ ಕಟ್ಟೋ, ಇಲ್ಲದಿದ್ದರೂ ನಡೆಯುತ್ತದೋ ಇರಲೇಬೇಕೋ ಎಲ್ಲವೂ ಬೇಕು. ಎಪಿಐಗೆ ಇಂಥ ಚೀಟಿ ಬರೆಯುವ ರೂಢಿಯ ಪದ್ಧತಿಗೆ ಇವತ್ತು ಓಪನ್‌ಎಪಿಐ ಎನ್ನುತ್ತಾರೆ. ಇದರ ಮೊದಲ ಹೆಸರು ಸ್ವಾಗರ್. ವರ್ಡ್‌ನಿಕ್ ಎಂಬ ಆನ್‌ಲೈನ್ ನಿಘಂಟು ಕಂಪನಿಯಲ್ಲಿದ್ದ ಟೋನಿ ಟ್ಯಾಮ್ 2010ರ ಆಸುಪಾಸಿನಲ್ಲಿ ತಮ್ಮ ಕೆಲಸಕ್ಕೆಂದು ಅದನ್ನು ಶುರುಮಾಡಿದರು. 2015ರಲ್ಲಿ ಅದು ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಬಂತು, ಮರುವರ್ಷ ಹೆಸರು ಬದಲಾಯಿತು. 2017ರಲ್ಲಿ ಮೂರನೇ ಆವೃತ್ತಿ, 2021ರಲ್ಲಿ 3.1 ಬಂದವು. ಭಾರತ ಸರಕಾರ ತನ್ನ ಇಲಾಖೆಗಳ ಎಪಿಐಗಳು ಮುಕ್ತವಾಗಿರಬೇಕು ಎಂಬ ನೀತಿಯನ್ನು ಪ್ರಕಟಿಸಿದ್ದೂ 2015ರಲ್ಲಿಯೇ. ಆಲೋಚನೆ ಮಾತ್ರ ಇವೆಲ್ಲಕ್ಕಿಂತ ಹಳೆಯದು. ಎಂಬತ್ತರ ದಶಕದಲ್ಲೇ ಸನ್ ಕಂಪನಿಯ ಯಂತ್ರಗಳಲ್ಲಿ, ಎರಡು ಕಂಪ್ಯೂಟರುಗಳ ಮಾತುಕತೆಯ ವಿವರ ಕೊಟ್ಟರೆ ಕೋಡ್ ಬರೆದುಕೊಡುವ ಸಲಕರಣೆ ಇತ್ತು. ಆಮೇಲೆ ಬಂದ ಕೋರ್ಬಾ, ಸೋಪ್ ಕೂಡ ಅದೇ ಜಾಡಿನವು. ಅವುಗಳ ಭಾರಕ್ಕೆ ಬೇಸತ್ತು ಎಲ್ಲರೂ ಜೇಸನ್ನಿಗೆ ಓಡಿಬಂದರು. ಬಂದ ಮೇಲೆ ಮತ್ತೆ ಚೀಟಿ ಬೇಕೆನಿಸಿತು.

ಓಪನ್‌ಎಪಿಐ ಚೀಟಿಯನ್ನು ಮನುಷ್ಯರೂ ಓದಬಹುದು, ಯಂತ್ರವೂ ಓದಬಹುದು. ಯಂತ್ರ ಓದುತ್ತದೆ ಎಂದಮೇಲೆ ಟೈಪುಗಳನ್ನು ಅದರಿಂದಲೇ ಬರೆಸಿದರಾಯಿತು. ಇದಕ್ಕೆ ಬೇಕಾದ ಪುಕ್ಕಟೆ ಸಲಕರಣೆಗಳು ಹಲವು ಇವೆ. ಓಪನ್‌ಎಪಿಐ ಜನರೇಟರ್ ಎಂಬುದು 2018ರಲ್ಲಿ ಸ್ವಾಗರ್ ಕೋಡ್‌ಜೆನ್ನಿನಿಂದ ಕವಲೊಡೆದದ್ದು. ಹತ್ತಾರು ಭಾಷೆಗಳಲ್ಲಿ ಕೋಡ್ ಬರೆಯುತ್ತದೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚೇ ಬರೆಯುತ್ತದೆ. ಓಪನ್‌ಎಪಿಐ-ಟೈಪ್‌ಸ್ಕ್ರಿಪ್ಟ್ ಎಂಬುದು ಮಿತಭಾಷಿ, ಟೈಪುಗಳನ್ನು ಮಾತ್ರ ಬರೆದು ಸುಮ್ಮನಾಗುತ್ತದೆ. ಓರ್ವಾಲ್ ಎಂಬುದು ಸರ್ವರನ್ನು ಕರೆಯುವ ಕೋಡನ್ನೂ ಸೇರಿಸಿ ಕೊಡುತ್ತದೆ. ನನ್ನ ಒಲವು ಮಿತಭಾಷಿಯ ಕಡೆಗೆ. ಯಂತ್ರ ಬರೆದ ಸಾವಿರಾರು ಸಾಲಿನ ಕೋಡನ್ನು ರಾತ್ರಿ ಹತ್ತಕ್ಕೆ ತೆರೆದು ತಪ್ಪು ಹುಡುಕಿದವರು ಬೇರೆ ಮಾತಾಡುವುದಿಲ್ಲ.

ಈಗ ಕಡಬಕ್ಕೆ ಬರೋಣ. ಚೀಟಿಯಲ್ಲಿ ‘ತಾಲೂಕು’ ಎಂಬ ಅಂಕಣಕ್ಕೆ ಐದೇ ಹೆಸರುಗಳನ್ನು ಪಟ್ಟಿ ಮಾಡಿದ್ದೆವು. ಇಂಥ ಮುಚ್ಚಿದ ಪಟ್ಟಿಗೆ ಎನಮ್ ಎನ್ನುತ್ತಾರೆ. ಸರ್ವರಿನವರು ಕಡಬ, ಮೂಡುಬಿದಿರೆ ಸೇರಿಸಿದರು. ನಾವು ಒಂದು ಆದೇಶ ಕೊಟ್ಟೆವು, ಸಲಕರಣೆ ಟೈಪನ್ನು ಹೊಸದಾಗಿ ಬರೆಯಿತು. ಆ ಗಳಿಗೆಯಲ್ಲಿ ಪುಟದ ಕೋಡಿನಲ್ಲಿ ಎಲ್ಲೆಲ್ಲಿ ‘ಪ್ರತಿ ತಾಲೂಕಿಗೂ ಒಂದು ಕನ್ನಡ ಹೆಸರಿದೆ’, ‘ಪ್ರತಿ ತಾಲೂಕಿಗೂ ನಕ್ಷೆಯಲ್ಲಿ ಒಂದು ಬಣ್ಣವಿದೆ’ ಎಂದು ಕೋಷ್ಟಕ ಮಾಡಿಕೊಂಡಿದ್ದೆವೋ ಅಲ್ಲೆಲ್ಲ ಕಂಪೈಲರ್ ಕೆಂಪು ಗೆರೆ ಎಳೆಯುತ್ತದೆ: ಕಡಬದ ಹೆಸರು ಕಾಣೆ, ಕಡಬದ ಬಣ್ಣ ಕಾಣೆ. ಯಾವ ಕಡತ, ಎಷ್ಟನೇ ಸಾಲು ಎಂಬುದನ್ನೂ ಹೇಳುತ್ತದೆ. ಅವನ್ನೆಲ್ಲ ತುಂಬುವವರೆಗೆ ಪುಟ ಹೊರಬೀಳುವುದಿಲ್ಲ. ಬೆಳೆಗಾರ ಫೋನ್ ಮಾಡಿ ‘ನಮ್ಮ ತಾಲೂಕೇ ಇಲ್ಲವಲ್ಲ ಮಾರಾಯ್ರೆ’ ಎಂದು ಕೇಳುವ ಪ್ರಮೇಯ ಬರುವುದಿಲ್ಲ.

ಕೇಳಲು ಸೊಗಸು. ಆದರೂ ನನ್ನನ್ನು ಕೇಳಿದರೆ ತಾಲೂಕನ್ನು ಎನಮ್ ಮಾಡಲೇಬಾರದು. ಕಡಬ, ಮೂಡುಬಿದಿರೆಯ ಹಿಂದೆಯೇ ಮೂಲ್ಕಿ, ಉಳ್ಳಾಲಗಳೂ ತಾಲೂಕಾದವು. ಸರಕಾರದ ಒಂದು ಅಧಿಸೂಚನೆಗೆ ಬದಲಾಗುವ ಪಟ್ಟಿಯನ್ನು ಕೋಡಿನೊಳಗೆ ಕೂರಿಸಿದರೆ, ವಿಧಾನಸೌಧದಲ್ಲಿ ತೀರ್ಮಾನವಾದಾಗಲೆಲ್ಲ ಪ್ರೋಗ್ರಾಮರ್ ಎದ್ದು ಕೂರಬೇಕು. ತಾಲೂಕುಗಳ ಪಟ್ಟಿಯನ್ನು ಸರ್ವರೇ ಕಳುಹಿಸಲಿ, ಹೆಸರಿನ ಜೊತೆ ಒಂದು ಸಂಕೇತವೂ ಇರಲಿ. ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರಕಾರಗಳ ಕೋಶದಲ್ಲಿ ಜಿಲ್ಲೆ, ತಾಲೂಕು, ಗ್ರಾಮ ಎಲ್ಲಕ್ಕೂ ಸಂಕೇತ ಸಂಖ್ಯೆಗಳಿವೆ. ಎನಮ್ ಸಲ್ಲುವುದು ಅರ್ಜಿಯ ಸ್ಥಿತಿಯಂಥವಕ್ಕೆ: ಬಂದಿದೆ, ಪರಿಶೀಲನೆಯಲ್ಲಿದೆ, ತಿರಸ್ಕೃತ, ಮಂಜೂರು. ಅಲ್ಲಿ ಹೊಸದೊಂದು ಸೇರಿದರೆ ಪುಟವನ್ನು ತಡೆದು ನಿಲ್ಲಿಸುವುದೇ ನ್ಯಾಯ, ಯಾಕೆಂದರೆ ಆ ಹೊಸ ಸ್ಥಿತಿಯಲ್ಲಿ ಏನು ತೋರಿಸಬೇಕೆಂದು ಯಾರಾದರೂ ಯೋಚಿಸಬೇಕಾಗುತ್ತದೆ.

ಹೆಸರಿನ ಜೊತೆ ಸಂಕೇತ ಏಕೆಂದರೆ, ‘ಪುತ್ತೂರು’ ಎಂಬ ಮೂರಕ್ಷರವನ್ನು ಸುಮ್ಮನೆ ನಂಬುವ ಹಾಗಿಲ್ಲ. ಪುತ್ತೂರು ತಾಲೂಕು ಇದೆ. ಪುತ್ತೂರು ನಗರಸಭೆ ಇದೆ. ಪುತ್ತೂರು ಉಪವಿಭಾಗವಿದೆ, ಅದರೊಳಗೆ ಸುಳ್ಯ, ಕಡಬ, ಬೆಳ್ತಂಗಡಿಗಳೂ ಬರುತ್ತವೆ. ಪುತ್ತೂರು ವಿಧಾನಸಭಾ ಕ್ಷೇತ್ರವಿದೆ, ಅದಕ್ಕೆ ಬಂಟ್ವಾಳ ತಾಲೂಕಿನ ವಿಟ್ಲ ಸೇರುತ್ತದೆ, ಕಡಬ ಸೇರುವುದಿಲ್ಲ. ಕಡಬ ಸುಳ್ಯ ಕ್ಷೇತ್ರಕ್ಕೆ. ಪುತ್ತೂರು ಎಪಿಎಂಸಿ ಮತ್ತೊಂದು. ರೈಲ್ವೆಯವರಿಗೆ ಅದು ಕಬಕ ಪುತ್ತೂರು. ಆಂಧ್ರದಲ್ಲೂ ಒಂದು ಪುತ್ತೂರಿದೆ, ಗುಬ್ಬಿ ತಾಲೂಕಿನಲ್ಲೊಂದು ಕಡಬವಿದೆ. ಕಂಪೈಲರಿಗೆ ಇವೆಲ್ಲ ಒಂದೇ, ಬರೇ ಸ್ಟ್ರಿಂಗ್. ಎರಡು ಟೈಪುಗಳ ಆಕಾರ ಒಂದೇ ಆಗಿದ್ದರೆ ಟೈಪ್‌ಸ್ಕ್ರಿಪ್ಟ್ ಅವನ್ನು ಒಂದೇ ಎಂದು ಬಗೆಯುತ್ತದೆ, ಅದರ ಹುಟ್ಟುಗುಣವೇ ಹಾಗೆ. ಕ್ಷೇತ್ರದ ಪುತ್ತೂರನ್ನು ತಾಲೂಕಿನ ಪುತ್ತೂರಿನ ಜಾಗದಲ್ಲಿ ಇಟ್ಟು ವಿಟ್ಲದ ಲೆಕ್ಕವನ್ನು ಇತ್ತ ಎಳೆದುಕೊಂಡರೂ ಅದು ಚಕಾರವೆತ್ತುವುದಿಲ್ಲ. ಮಂಡಿ ದತ್ತಾಂಶದಲ್ಲಿ ನಮ್ಮ ಜಿಲ್ಲೆಯ ಹೆಸರು ಬೇರೆಯೇ ವೇಷದಲ್ಲಿರುವುದನ್ನು ಕಂಡವರಿದ್ದಾರೆ: ಮೊದಲು ‘ಮ್ಯಾಂಗಲೋರ್’, ಪಕ್ಕದಲ್ಲಿ ಆವರಣದೊಳಗೆ ‘ದಕ್ಷಿಣ್ ಕನ್ನಡ್’. ದಕ್ಷಿಣ ಕನ್ನಡ ಎಂದು ಸರಿಯಾಗಿ ಬರೆದು ಹುಡುಕಿದರೆ ಉತ್ತರ ಸೊನ್ನೆ.

ಇನ್ನು ಸಂಖ್ಯೆಯಂತೆ ಕಂಡೂ ಸಂಖ್ಯೆಯಲ್ಲದ ಸಂಗತಿಗಳು. ಚೀಟಿ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ಪುತ್ತೂರಿನ ಎಸ್‌ಟಿಡಿ ಕೋಡ್ 08251, ಸುಳ್ಯದ್ದು 08257. ಇವನ್ನು ನಂಬರ್ ಎಂದು ಘೋಷಿಸಿದರೆ ಮುಂದಿನ ಸೊನ್ನೆ ಉದುರಿಹೋಗುತ್ತದೆ. ಪಹಣಿಯ ಸರ್ವೆ ನಂಬರಿಗೆ ಹಿಸ್ಸಾ ಇರುತ್ತದೆ, ನಡುವೆ ಓರೆಗೆರೆ ಇರುತ್ತದೆ, ಕೊನೆಗೆ ಅಕ್ಷರವೂ ಇರಬಹುದು. ಅದು ಸ್ಟ್ರಿಂಗೇ. ಸೊಸೈಟಿ ಬ್ಯಾಂಕಿನ ಉದ್ದನೆಯ ಖಾತೆ ಸಂಖ್ಯೆಯೂ ಸ್ಟ್ರಿಂಗೇ ಆಗಬೇಕು, ಯಾಕೆಂದರೆ ಜಾವಾಸ್ಕ್ರಿಪ್ಟಿಗೆ ಪೂರ್ಣಾಂಕಗಳಲ್ಲಿ ಸುಮಾರು ಹದಿನೈದು ಅಂಕಿಗಳವರೆಗೆ ಮಾತ್ರ ಪಕ್ಕಾ ನೆನಪು. ಸರಿಯಾಗಿ ಹೇಳುವುದಾದರೆ ಮಿತಿ 9007199254740991. ಅದರಾಚೆಗೆ ಕೊನೆಯ ಅಂಕಿಯನ್ನು ತನಗೆ ಹತ್ತಿರವಾದದ್ದಕ್ಕೆ ಹೊಂದಿಸಿಬಿಡುತ್ತದೆ, ದುಡ್ಡು ಪಕ್ಕದವರ ಖಾತೆಗೆ. ಒಂದು ಗುಟ್ಟು ಸಾಕು: ಕೂಡಿಸಿ ಕಳೆಯುವುದಿದ್ದರೆ ನಂಬರ್, ಗುರುತಿಗೆ ಮಾತ್ರವಾದರೆ ಸ್ಟ್ರಿಂಗ್.

ದಿನಾಂಕದ್ದು ಇನ್ನೂ ಗುಪ್ತವಾದ ಉಪದ್ರ. ಮಂಡಿ ದತ್ತಾಂಶದಲ್ಲಿ ದಿನ, ತಿಂಗಳು, ವರ್ಷ ಈ ಕ್ರಮದಲ್ಲಿ ಓರೆಗೆರೆ ಹಾಕಿ ಬರುತ್ತದೆ, ನಾವು ಬರೆಯುವ ಹಾಗೆಯೇ. ಜಾವಾಸ್ಕ್ರಿಪ್ಟ್ ಅಮೆರಿಕದ ಕೂಸು, ಓರೆಗೆರೆ ಕಂಡರೆ ಮೊದಲನೆಯದು ತಿಂಗಳು ಎಂದುಕೊಳ್ಳುತ್ತದೆ. 04/05/2024 ಎಂದರೆ ನಮಗೆ ಮೇ ನಾಲ್ಕು, ಅದಕ್ಕೆ ಏಪ್ರಿಲ್ ಐದು. ತಿಂಗಳ ಹದಿಮೂರಕ್ಕೆ ಕಾಲಿಟ್ಟ ಕೂಡಲೇ ‘ದಿನಾಂಕ ಸರಿಯಿಲ್ಲ’ ಎಂದು ಕೈಚೆಲ್ಲುತ್ತದೆ. ಅಂದರೆ ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಸದ್ದಿಲ್ಲದ ಸುಳ್ಳು, ಆಮೇಲೆ ಗದ್ದಲದ ತಪ್ಪು. ಓಪನ್‌ಎಪಿಐಯಲ್ಲಿ ‘ದಿನಾಂಕ’ ಎಂಬ ಮಾದರಿಯನ್ನು ಸೂಚಿಸಿದರೆ ಅದರ ಅರ್ಥ ವರ್ಷ-ತಿಂಗಳು-ದಿನ, 2024-05-04. ಹೀಗೆಂದು ಚೀಟಿ ಹೇಳಿ ಸರ್ವರ್ ಓರೆಗೆರೆ ಹಾಕಿ ಕಳಿಸುತ್ತಿದ್ದರೆ, ಯಂತ್ರ ಬರೆದ ಟೈಪ್ ತಪ್ಪನ್ನು ಹಿಡಿಯುವುದಿಲ್ಲ. ಎರಡೂ ಅದಕ್ಕೆ ಸ್ಟ್ರಿಂಗೇ.

ಅಂಕಣದ ಹೆಸರುಗಳ ಅವತಾರಗಳೂ ಕಡಿಮೆಯಿಲ್ಲ. ಅದೇ ಮುಕ್ತ ತಾಣದಿಂದ ದಿನದ ಧಾರಣೆಯ ಕಡತ ಇಳಿಸಿಕೊಂಡವರು ‘ಮಿನ್’ ಮತ್ತು ‘ಪ್ರೈಸ್’ ನಡುವೆ ಎಕ್ಸ್ 0020 ಎಂಬ ವಿಚಿತ್ರ ಗುರುತು ಕಂಡು ತಲೆ ಕೆರೆದುಕೊಂಡದ್ದುಂಟು. ಎಕ್ಸ್‌ಎಂಎಲ್ಲಿನಲ್ಲಿ ಹೆಸರಿನ ನಡುವೆ ಖಾಲಿ ಜಾಗ ಬಿಡುವಂತಿಲ್ಲ, ಆ ಖಾಲಿ ಜಾಗಕ್ಕೆ ಬದಲಾಗಿ ಅದರ ಸಂಕೇತ ಸಂಖ್ಯೆ ಬಂದು ಕೂತಿದೆ. ಎಲ್ಲೋ ಒಂದು ಹಂತದಲ್ಲಿ ಎಕ್ಸ್‌ಎಂಎಲ್ ಆಗಿದ್ದುದರ ಹಳೆಯ ಗಾಯದ ಕಲೆ. ಕೈಯಿಂದ ಬರೆಯುವವರು ಇಂಥ ಹೆಸರನ್ನು ಹತ್ತು ಕಡೆ ಬೆರಳಚ್ಚಿಸುವಾಗ ಒಂದು ಸೊನ್ನೆಯನ್ನಾದರೂ ಬಿಟ್ಟೇಬಿಡುತ್ತಾರೆ. ಯಂತ್ರ ಬಿಡುವುದಿಲ್ಲ. ಯಂತ್ರದ ಉಪಕಾರ ಸಂಶಯಾತೀತವಾಗಿರುವುದು ಇಂಥಲ್ಲೇ.

ಭಾನುವಾರ ಎಪಿಎಂಸಿಯಲ್ಲಿ ವ್ಯವಹಾರ ಇಲ್ಲ. ಆ ದಿನದ ಧಾರಣೆ ಏನು? ಇದಕ್ಕೆ ಮೂರು ಉತ್ತರ ಸಾಧ್ಯ: ಅಂಕಣವೇ ಇಲ್ಲದಿರುವುದು, ಅಂಕಣವಿದ್ದು ಒಳಗೆ ‘ನಲ್’ ಅಂದರೆ ಖಾಲಿ ಎಂಬ ಗುರುತು ಇರುವುದು, ಅಥವಾ 0 ಎಂಬ ಸಂಖ್ಯೆ. ಮೊದಲಿನ ಎರಡು ಪ್ರಾಮಾಣಿಕ. ಮೂರನೆಯದು ಅಪಾಯಕಾರಿ, ವಾರದ ಸರಾಸರಿ ತೆಗೆಯುವಾಗ ಆ ಸೊನ್ನೆಯೂ ಸೇರಿ ಧಾರಣೆ ಪಾತಾಳಕ್ಕಿಳಿದಂತೆ ಕಾಣುತ್ತದೆ. ಚೀಟಿಯಲ್ಲಿ ಯಾವ ಅಂಕಣ ಕಡ್ಡಾಯ, ಯಾವುದು ಖಾಲಿ ಇರಬಹುದು ಎಂದು ಬರೆಯಲು ಜಾಗವಿದೆ. 3.0ರಲ್ಲಿ ‘ನಲ್ ಆಗಬಹುದು’ ಎಂದು ಬೇರೆಯೇ ಒಂದು ಸಾಲು ಹಾಕಬೇಕಿತ್ತು, 3.1ರಲ್ಲಿ ಟೈಪಿನ ಜಾಗದಲ್ಲೇ ‘ನಂಬರ್ ಅಥವಾ ನಲ್’ ಎಂದು ಬರೆಯಬಹುದು. ಹೀಗೆ ಬರೆದಿದ್ದರೆ, ಖಾಲಿಯಿದ್ದರೆ ಏನು ಮಾಡುವುದೆಂದು ಹೇಳದೆ ಲೆಕ್ಕ ಹಾಕಲು ಕಂಪೈಲರ್ ಬಿಡುವುದಿಲ್ಲ. ನನಗೆ ಈ ಇಡೀ ವಿದ್ಯೆಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದೇ ಎನಿಸುತ್ತದೆ. ಚೀಟಿ ಬರೆಯುವವರು ಅವಸರದಲ್ಲಿ ಎಲ್ಲವನ್ನೂ ‘ಐಚ್ಛಿಕ’ ಎಂದು ಬಿಟ್ಟರೆ ಮಾತ್ರ ಕೆಲಸ ಕೆಟ್ಟಿತು. ಪುಟ ಬರೆಯುವವರಿಗೆ ಪ್ರತಿ ಸಾಲಿನಲ್ಲೂ ಇದೆಯೋ ಇಲ್ಲವೋ ಎಂದು ಕೇಳಿ ಸಾಕಾಗುತ್ತದೆ, ಕೊನೆಗೆ ‘ಇದೆ ಎಂದೇ ತಿಳಿ’ ಎಂದು ಕಂಪೈಲರಿನ ಬಾಯಿ ಮುಚ್ಚಿಸಿ ಮುಂದೆ ಹೋಗುತ್ತಾರೆ.

ಒಂದು ಮಿತಿಯನ್ನು ಇಲ್ಲಿ ಹೇಳಲೇಬೇಕು. ಟೈಪ್‌ಸ್ಕ್ರಿಪ್ಟಿನ ಟೈಪುಗಳು ಬರೆಯುವ ಹೊತ್ತಿನಲ್ಲಿ ಮಾತ್ರ ಇರುತ್ತವೆ. ಪುಟ ತಯಾರಾಗಿ ಮೊಬೈಲಿಗೆ ಹೋಗುವಾಗ ಅವೆಲ್ಲ ಅಳಿಸಿಹೋಗಿ ಬರೇ ಜಾವಾಸ್ಕ್ರಿಪ್ಟ್ ಉಳಿಯುತ್ತದೆ. ಸರ್ವರ್ ಚೀಟಿಗೆ ವಿರುದ್ಧವಾದದ್ದನ್ನು ಕಳಿಸಿದರೆ ಆ ಗಳಿಗೆಯಲ್ಲಿ ಬಾಗಿಲಲ್ಲಿ ನಿಂತು ನೋಡುವವರು ಯಾರೂ ಇಲ್ಲ. ಅದಕ್ಕಾಗಿ ಝಾಡ್‌ನಂಥ ತಪಾಸಣೆಯ ಸಿದ್ಧ ಕೋಡುಗಳಿವೆ, ಅವು ಬಂದ ಉತ್ತರವನ್ನು ಪುಟ ಓಡುತ್ತಿರುವಾಗಲೇ ಪರೀಕ್ಷಿಸುತ್ತವೆ. ಅದೇ ಓಪನ್‌ಎಪಿಐ ಚೀಟಿಯಿಂದ ಆ ತಪಾಸಣೆಯ ಕೋಡನ್ನೂ ಬರೆಸಿಕೊಳ್ಳಬಹುದು. ಸ್ವಂತ ಸರ್ವರಾದರೆ ಇದು ಅತಿಯಾಯಿತು ಎನ್ನಬಹುದು. ನಮ್ಮ ಹಿಡಿತದಲ್ಲಿಲ್ಲದ ಸರಕಾರಿ ದತ್ತಾಂಶವಾದರೆ ತಪಾಸಣೆ ಬೇಕೇಬೇಕು.

ಚೀಟಿ ಬರೆಯುವವರು ಯಾರು ಎಂಬುದರಲ್ಲಿ ಎರಡು ಪಂಥಗಳಿವೆ. ಮೊದಲು ಚೀಟಿ, ಆಮೇಲೆ ಎರಡೂ ಕಡೆಯ ಕೋಡ್ ಎನ್ನುವವರು ಒಂದು ಕಡೆ. ಸರ್ವರಿನ ಕೋಡ್ ಬರೆಯಿರಿ, ಚೀಟಿ ಅದರಿಂದಲೇ ಹುಟ್ಟಲಿ ಎನ್ನುವವರು ಇನ್ನೊಂದು ಕಡೆ. ಪೈಥಾನಿನ ಫಾಸ್ಟ್‌ಎಪಿಐ 2018ರಲ್ಲಿ ಬಂದ ಮೇಲೆ ಎರಡನೆಯವರ ಸಂಖ್ಯೆ ಬೆಳೆದಿದೆ. ಮೂರ್ನಾಲ್ಕು ಜನರ ತಂಡಕ್ಕೆ ಎರಡನೆಯದು ಸುಲಭ. ಹತ್ತು ಜನ ಬೇರೆ ಬೇರೆಯವರು ಬಳಸುವ ಮಂಡಿ ಧಾರಣೆ, ಬೆಳೆ ವಿಮೆ, ಪಹಣಿಯಂಥವಕ್ಕೆ ಮೊದಲು ಚೀಟಿ ಬರಲಿ ಎಂಬುದು ನನ್ನ ಪಕ್ಷ. ಬರೆದು, ಪ್ರಕಟಿಸಿ, ಬದಲಿಸುವಾಗ ಆವೃತ್ತಿಯ ಸಂಖ್ಯೆ ಹೆಚ್ಚಿಸಿ ತಿಳಿಸಲಿ. ಯಾವ ಪಂಥವಾದರೂ ಒಂದು ಶಿಸ್ತು ಸಮಾನ: ಕೋಡಿನಲ್ಲಿ ಬದಲಾವಣೆ ಸೇರಿಸುವಾಗಲೆಲ್ಲ ಟೈಪುಗಳನ್ನು ಹೊಸದಾಗಿ ಬರೆಸಿ ಹಳೆಯದಕ್ಕೆ ಹೋಲಿಸಿ ನೋಡುವ ಕೆಲಸವನ್ನು ಯಂತ್ರಕ್ಕೇ ವಹಿಸಬೇಕು. ‘ನೆನಪಾದಾಗ ಮಾಡುತ್ತೇನೆ’ ಎಂದರೆ ಅದು ಕೈನಕಲಿಗಿಂತ ಬೇರೆಯೇನಲ್ಲ. ಯಂತ್ರ ಬರೆದ ಕಡತಕ್ಕೆ ಕೈಹಾಕಿ ತಿದ್ದುವುದೂ ಕೂಡದು, ಮುಂದಿನ ಸಲ ಅದರ ಮೇಲೆ ಬರೆದು ಹಾಕುತ್ತದೆ.

ಇಷ್ಟೆಲ್ಲ ಆದಮೇಲೂ ಒಂದು ಸಂಗತಿ ಉಳಿಯುತ್ತದೆ, ಅದಕ್ಕೆ ಯಾವ ಟೈಪಿನಲ್ಲೂ ಮದ್ದಿಲ್ಲ. ಮಂಡಿ ದತ್ತಾಂಶದಲ್ಲಿ ಧಾರಣೆ ಇರುವುದು ಕ್ವಿಂಟಾಲಿಗೆ. ನಮ್ಮ ಬೆಳೆಗಾರರ ಬಾಯಲ್ಲಿ ಧಾರಣೆ ಇರುವುದು ಕಿಲೋಗೆ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಹುಟ್ಟಿದ, ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ದಿನದ ದರ ಹೇಳುವುದೂ ಕಿಲೋ ಲೆಕ್ಕದಲ್ಲಿ. 480 ಮತ್ತು 48000 ಎರಡೂ ಸಂಖ್ಯೆಗಳೇ, ಕಂಪೈಲರಿಗೆ ಎರಡರ ಮೇಲೂ ಸಮಾನ ಪ್ರೀತಿ. ತಳಿಯ ಅಂಕಣವೂ ಅಷ್ಟೆ. ಸರಕಾರಿ ಪಟ್ಟಿಯಲ್ಲಿ ‘ನ್ಯೂ ವೆರೈಟಿ’, ‘ಓಲ್ಡ್ ವೆರೈಟಿ’, ‘ಕೋಕ’ ಎಂಬ ಹೆಸರುಗಳಿವೆ. ಇಲ್ಲಿ ವೆರೈಟಿ ಎಂದರೆ ಗಿಡದ ತಳಿಯಲ್ಲ. ಈ ವರ್ಷದ ಫಸಲೋ, ದಾಸ್ತಾನಿಟ್ಟ ಹಳೆಯದೋ, ಕೆಳದರ್ಜೆಯದೋ ಎಂಬ ಲೆಕ್ಕ. ಅಂಗಡಿಯಲ್ಲಿ ಅದನ್ನೇ ಹೊಸತು, ಸಿಂಗಲ್ ಚೋಲ್, ಡಬಲ್ ಚೋಲ್ ಎಂದು ಹೇಳುತ್ತಾರೆ. ಕೆಳಗಿನ ದರ್ಜೆಗಳಿಗೆ ಪಟೋರ, ಉಳ್ಳಿ, ಕರಿಗೋಟು ಎಂಬ ಹೆಸರುಗಳಿವೆ. ಶಿವಮೊಗ್ಗದ ರಾಶಿ, ಬೆಟ್ಟೆ, ಗೊರಬಲು ಬೇಯಿಸಿದ ಕೆಂಪಡಿಕೆಯ ಲೆಕ್ಕ. ಬಿಸಿಲಲ್ಲಿ ಒಣಗಿಸಿದ ನಮ್ಮ ಚಾಲಿಯ ಪಕ್ಕದಲ್ಲಿ ಅದನ್ನಿಟ್ಟು ‘ಎಲ್ಲಿ ಧಾರಣೆ ಹೆಚ್ಚು’ ಎಂದು ನಕ್ಷೆ ಬರೆದರೆ ಕೋಡಿನಲ್ಲಿ ತಪ್ಪೇನೂ ಇರುವುದಿಲ್ಲ, ನಕ್ಷೆ ಮಾತ್ರ ಅರ್ಥಹೀನ.

ಬೆಂಗಳೂರಿನಲ್ಲಿ ಕೂತು ಪುಟ ಬರೆಯುವ ಬೇರೆ ಊರಿನ ಹುಡುಗನಿಗೆ ಇದು ಗೊತ್ತಾಗುವುದು ಹೇಗೆ? ಓಪನ್‌ಎಪಿಐಯಲ್ಲಿ ಪ್ರತಿ ಅಂಕಣಕ್ಕೂ ‘ವಿವರಣೆ’ ಎಂಬ ಜಾಗವಿದೆ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ, ಇಲ್ಲವೇ ಧಾರಣೆಯ ಎದುರು ‘ಇದು ಧಾರಣೆ’ ಎಂದು ಬರೆದು ಮುಗಿಸುತ್ತಾರೆ. ಓಪನ್‌ಎಪಿಐ-ಟೈಪ್‌ಸ್ಕ್ರಿಪ್ಟಿನಂಥ ಸಲಕರಣೆಗಳು ಆ ವಿವರಣೆಯನ್ನೂ ಟಿಪ್ಪಣಿಯಾಗಿ ಟೈಪಿನ ಮೇಲೆ ಬರೆಯುತ್ತವೆ. ಪ್ರೋಗ್ರಾಮರ್ ತನ್ನ ಎಡಿಟರಿನಲ್ಲಿ ಆ ಅಂಕಣದ ಮೇಲೆ ಮೌಸ್ ಇಟ್ಟರೆ ಅದು ಕಣ್ಣೆದುರು ತೆರೆದುಕೊಳ್ಳುತ್ತದೆ. ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಕಾಣುತ್ತದೆ, ಯೂನಿಕೋಡ್ ಬಂದು ಎಷ್ಟು ಕಾಲವಾಯಿತು. ಪುತ್ತೂರು ಅಥವಾ ಸುಳ್ಯದ ಕಾಲೇಜಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ಮತ್ತೊಂದು ಹಾಜರಿ ಆ್ಯಪ್ ಮಾಡುವ ಬದಲು ಅಡಿಕೆ ಧಾರಣೆಗೆ ಇಂಥದ್ದೊಂದು ಚೀಟಿ ಬರೆಯಬಹುದು. ಎಪಿಎಂಸಿ ಅಂಗಳದಲ್ಲಿ ಒಂದು ಬೆಳಗ್ಗೆ ನಿಂತರೆ ವಿವರಣೆಗೆ ಬೇಕಾದ್ದೆಲ್ಲ ಸಿಗುತ್ತದೆ. ಮಾದರಿ ಧಾರಣೆಯ ಎದುರು ಹೀಗೆ ಬರೆದರೆ ಸಾಕು: ರೂಪಾಯಿಯಲ್ಲಿ, ಕ್ವಿಂಟಾಲಿಗೆ, ಸುಲಿದ ಚಾಲಿ ಅಡಿಕೆ, ಮಾರುಕಟ್ಟೆ ರಜೆಯಿದ್ದರೆ ನಲ್, 0 ಅಲ್ಲ, ಕಿಲೋ ದರ ತೋರಿಸುವುದಿದ್ದರೆ 100ರಿಂದ ಭಾಗಿಸಿ.